ಚಳಿಗೆ ಡೀಸೆಲ್ ಕಾರು ಸ್ಟಾರ್ಟ್ ಆಗದಿದ್ದರೆ ಇಂಜೆಕ್ಟರ್ ಬದಲಿಸಲೇಬೇಕೆ?

ಮಡಿಕೇರಿಯಲ್ಲಿರುವ ನಿಮ್ಮ ಕಾಮನ್ ರೈಲ್ (ಎಲ್ಲ ಸಿಲಿಂಡರಿಗೂ ಒಂದೇ ಕೊಳವೆಯಿಂದ ಹೈ ಪ್ರೆಶರ್ ಡೀಸೆಲ್ ಹೋಗುವ) ಡೀಸೆಲ್ ಕಾರು 1.2 ಲಕ್ಷ ಕಿ.ಮೀ. ಓಡಿದೆ. ಬೆಳಗ್ಗೆ ಮೂರ್ನಾಲ್ಕು ಸಲ ಸೆಲ್ಫ್ ಹೊಡೆದರೇ ಸ್ಟಾರ್ಟ್ ಆಗೋದು, ಬಿಸಿಯಾದ ಮೇಲೆ ದಿನವಿಡೀ ತೊಂದರೆಯಿಲ್ಲ, ಗ್ಯಾರೇಜಿನವರು ನಾಲ್ಕೂ ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ) ಬದಲಿಸಿ ಅಂತಾರೆ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಒಪ್ಪಬೇಡಿ. ಇಂಜೆಕ್ಟರ್ ಸವೆದು ಒಳಗೇ ಸೋರುತ್ತಿದ್ದರೆ ತೊಂದರೆ ಸಾಮಾನ್ಯವಾಗಿ ಬಿಸಿ ಎಂಜಿನ್‌ನಲ್ಲೇ ಹೆಚ್ಚು, ಏಕೆಂದರೆ ಬಿಸಿ ಡೀಸೆಲ್ ತೆಳುವಾಗಿ ಇನ್ನಷ್ಟು ಸೋರುತ್ತದೆ. ನಿಮ್ಮದು ಅದಕ್ಕೆ ತದ್ವಿರುದ್ಧ.

ನಾಳೆ ಬೆಳಗ್ಗೆ ಇನ್ನೊಬ್ಬರ ಕೈಯಲ್ಲಿ ಸೆಲ್ಫ್ ಹೊಡೆಸಿ, ನೀವು ಸೈಲೆನ್ಸರ್ ಹತ್ತಿರ ನಿಂತು ನೋಡಿ. ಕಟುವಾಸನೆಯ ಬಿಳಿ ಹೊಗೆ ಬಂದರೆ ಡೀಸೆಲ್ ಸಿಲಿಂಡರಿಗೆ ಹೋಗುತ್ತಿದೆ, ಆದರೆ ಉರಿಯುತ್ತಿಲ್ಲ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಲೇ ಇಲ್ಲ.

ಬಿಳಿ ಹೊಗೆಗೆ ಮೊದಲ ಅನುಮಾನ ಹೀಟರ್ ಪ್ಲಗ್ (ಸ್ಟಾರ್ಟ್ ಮಾಡುವಾಗ ಸಿಲಿಂಡರಿನ ಒಳಗನ್ನು ಬಿಸಿ ಮಾಡುವ ಪ್ಲಗ್) ಮೇಲೆ. ಮಂಗಳೂರಿನ ಸೆಕೆಯಲ್ಲಿ ಎರಡು ಪ್ಲಗ್ ಸತ್ತಿದ್ದರೂ ಗೊತ್ತಾಗದೆ ಹೋಗಬಹುದು, ಮಡಿಕೇರಿಯ ಡಿಸೆಂಬರ್‌ನಲ್ಲಿ ಹಾಗಾಗದು. ಪ್ಲಗ್ ಬಿಚ್ಚಬೇಕಿಲ್ಲ. ಮೇಲಿನ ವೈರ್ ತೆಗೆದು ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಮೀಟರಿನ ಒಂದು ಕಡ್ಡಿ ಪ್ಲಗ್ ತುದಿಗೆ, ಇನ್ನೊಂದು ಎಂಜಿನ್ನಿನ ಲೋಹಕ್ಕೆ ಹಿಡಿಯಿರಿ. ಚೆನ್ನಾಗಿರುವ ಪ್ಲಗ್ ಸುಮಾರು 1 ಓಮ್ ಆಸುಪಾಸು ತೋರಿಸುತ್ತದೆ, ಸುಟ್ಟಿದ್ದರೆ ಮೀಟರ್ ಕದಲುವುದೇ ಇಲ್ಲ. ನಾಲ್ಕೂ ಸರಿಯಿದ್ದರೆ, ಕೀ ಆನ್ ಮಾಡಿದಾಗ ಆ ವೈರಿಗೆ ಕರೆಂಟ್ ಬರುತ್ತದೆಯೇ ನೋಡಿ. ಬರದಿದ್ದರೆ ಫ್ಯೂಸ್ ಅಥವಾ ರಿಲೇ (ಪ್ಲಗ್‌ಗೆ ಕರೆಂಟ್ ಕೊಡುವ ಸ್ವಿಚ್) ಹೋಗಿರಬಹುದು. ಹಳೆಯ ಪ್ಲಗ್ ತೆಗೆಸುವುದಾದರೆ ಎಂಜಿನ್ ಬಿಸಿಯಿರುವಾಗಲೇ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ನಿಧಾನವಾಗಿ ತಿರುಗಿಸಲು ಹೇಳಿ. ಒಳಗೆ ಮುರಿದರೆ ಎಂಜಿನ್ನಿನ ಹೆಡ್ (ಮೇಲ್ಭಾಗ) ಇಳಿಸುವವರೆಗೂ ಹೋಗಬಹುದು. ಇದೆಲ್ಲ ಸರಿಯಿದ್ದೂ ಬಿಳಿ ಹೊಗೆ ನಿಲ್ಲದಿದ್ದರೆ ಕಂಪ್ರೆಶನ್ (ಸಿಲಿಂಡರಿನೊಳಗೆ ಗಾಳಿ ಒತ್ತುವ ಬಲ) ಪರೀಕ್ಷೆ ಮಾಡಿಸಿ.

ಹೊಗೆ ಇಲ್ಲವೆಂದರೆ ಮೊದಲು ಬ್ಯಾಟರಿ ನೋಡಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ನಿಧಾನವಾಗಿ ತಿರುಗಿದರೆ ಪಂಪ್ ಒತ್ತಡ ಕಟ್ಟುವುದಿಲ್ಲ. ರೈಲ್‌ನಲ್ಲಿ ಸುಮಾರು 200 ಬಾರ್ ಒತ್ತಡ ಆಗುವವರೆಗೆ ಎಂಜಿನ್ನಿನ ಕಂಪ್ಯೂಟರ್ ಇಂಜೆಕ್ಟರನ್ನು ತೆರೆಯುವುದೇ ಇಲ್ಲ.

ಆಮೇಲೆ ಏರ್, ಅಂದರೆ ಡೀಸೆಲ್ ಪೈಪಿನೊಳಗೆ ಸೇರುವ ಗಾಳಿ. ಇದನ್ನೇ ಬಹಳ ಮಂದಿ ಹುಡುಕುವುದಿಲ್ಲ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ಲನ್ನು ಎಳೆಯುವ ಗಾಡಿಗಳಲ್ಲಿ ಸಣ್ಣ ಸಂದಿನಿಂದ ಹನಿಯೂ ಹೊರಗೆ ಸೋರದು, ಗಾಳಿ ಮಾತ್ರ ಒಳಗೆ ನುಗ್ಗುತ್ತದೆ. ರಾತ್ರಿ ಡೀಸೆಲ್ ಟ್ಯಾಂಕಿಗೆ ಜಾರಿ ಪೈಪ್ ಖಾಲಿಯಾಗುತ್ತದೆ. ನಿಮ್ಮೂರಿನಲ್ಲಿ ಇಳಿಜಾರಿಗೆ ಬರವಿಲ್ಲ: ಒಂದು ರಾತ್ರಿ ಮೂತಿ ಕೆಳಗಾಗುವಂತೆ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ. ಬೆಳಗ್ಗೆ ಥಟ್ಟನೆ ಸ್ಟಾರ್ಟ್ ಆದರೆ ಏರ್ ಹಿಡಿಯುತ್ತಿದೆ ಎಂದೇ ಅರ್ಥ. ಫಿಲ್ಟರ್ ಮತ್ತು ಪಂಪಿನ ನಡುವೆ ಪಾರದರ್ಶಕ ಪೈಪ್ ಹಾಕಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ. ತೊಂದರೆ ಫಿಲ್ಟರ್ ಬದಲಿಸಿದ ಮೇಲೆ ಶುರುವಾಗಿದ್ದರೆ ಅದರ ರಬ್ಬರ್ ರಿಂಗ್ ಹಿಸುಕಿಹೋಗಿದೆಯೇ ನೋಡಿ. ಕ್ಲಿಪ್, ರಿಂಗ್ ಎಲ್ಲ ಸೇರಿದರೂ ಖರ್ಚು ಇಂಜೆಕ್ಟರಿನ ಹತ್ತಿರಕ್ಕೂ ಬಾರದು.

ಇಷ್ಟಾದ ಮೇಲೂ ಇಂಜೆಕ್ಟರ್ ಮೇಲೆ ಅನುಮಾನವಿದ್ದರೆ ರಿಟರ್ನ್ ಟೆಸ್ಟ್ (ಇಂಜೆಕ್ಟರಿನಿಂದ ವಾಪಸ್ ಬರುವ ಡೀಸೆಲ್ ಅಳೆಯುವ ಪರೀಕ್ಷೆ) ಕೇಳಿ. ನಾಲ್ಕೂ ರಿಟರ್ನ್ ಪೈಪನ್ನು ನಾಲ್ಕು ಬಾಟಲಿಗೆ ಬಿಟ್ಟು, ಬಿಸಿ ಎಂಜಿನ್ ಐಡಲ್‌ನಲ್ಲಿ ಕೆಲವು ನಿಮಿಷ ಓಡಿಸುತ್ತಾರೆ. ಮಟ್ಟ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದರಲ್ಲಿ ಮಾತ್ರ ಎರಡು ಮೂರು ಪಟ್ಟು ತುಂಬಿದರೆ ಆ ಒಂದನ್ನಷ್ಟೇ ಬಿಚ್ಚಿಸಿ ಬದಲಿಸಿ, ಜೊತೆಗೆ ಹೊಸ ತಾಮ್ರದ ವಾಷರ್ ಹಾಕಿಸಿ. ಅನೇಕ ಗಾಡಿಗಳಲ್ಲಿ ಇಂಜೆಕ್ಟರಿನ ಮೇಲಿನ ಕೋಡನ್ನು ಸ್ಕ್ಯಾನರಿನಿಂದ ಕಂಪ್ಯೂಟರಿಗೆ ಹಾಕಲೇಬೇಕು, ಅದನ್ನೂ ಕೇಳಿ ಖಚಿತಪಡಿಸಿಕೊಳ್ಳಿ.

ಎಂಜಿನ್ ಓಡುತ್ತಿರುವಾಗ ಹೈ ಪ್ರೆಶರ್ ಪೈಪಿನ ನಟ್ ಮುಟ್ಟಬೇಡಿ, ಯಾರಿಗೂ ಮುಟ್ಟಲು ಬಿಡಬೇಡಿ. ಆ ಡೀಸೆಲ್ ಸೂಜಿಯಂತೆ ಚರ್ಮದೊಳಗೆ ಹೊಗುತ್ತದೆ. ಗಾಯ ಚುಕ್ಕೆಯಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬೇಗ ಸ್ಟಾರ್ಟ್ ಆಗಲೆಂದು ಹೊಡೆಯುವ ಈಥರ್ ಸ್ಪ್ರೇಯನ್ನು ಹೀಟರ್ ಪ್ಲಗ್ ಇರುವ ಎಂಜಿನ್‌ಗೆ ಹೊಡೆಯಲೇಬೇಡಿ. ಸೆಲ್ಫ್ ಒಂದು ಸಲಕ್ಕೆ ಹತ್ತು ಸೆಕೆಂಡ್ ಸಾಕು, ಮತ್ತೆ ಹೊಡೆಯುವ ಮೊದಲು ಅರ್ಧ ನಿಮಿಷವಾದರೂ ಬಿಡಿ.