ಓದುಗರ ಪ್ರಶ್ನೆ: ಡಾರ್ಟ್‌ಮೂರಿನಲ್ಲಿ ತವರ ಕರಗಿಸಿದ ಮನೆಗಳು

ಪ್ರಶ್ನೆ: ನಮ್ಮ ಮಗಳು ಇಂಗ್ಲೆಂಡಿನ ಪ್ಲಿಮತ್ ನಗರದಲ್ಲಿ ಕೆಲಸದಲ್ಲಿದ್ದಾಳೆ. ಆಕೆಯೊಡನೆ ಡಾರ್ಟ್‌ಮೂರ್ ಎಂಬ ಎತ್ತರದ ಕುರುಚಲು ಬಯಲಿಗೆ ಹೋಗಿದ್ದಾಗ, ಮೀವಿ ಹೊಳೆಯ ಸಣ್ಣ ಜಲಪಾತವೊಂದರ ಬಳಿ, ಎದುರುಬದುರು ದಂಡೆಗಳಲ್ಲಿ ಸೂರಿಲ್ಲದ ಎರಡು ಕಲ್ಲಿನ ಕಟ್ಟಡಗಳನ್ನು ಕಂಡೆವು. ಒಂದರ ಬಾಗಿಲ ಮೇಲಿನ ಅಡ್ಡಗಲ್ಲಿನಲ್ಲಿ ರೋಮನ್ ಅಂಕಿಯಲ್ಲಿ 13 ಎಂದು ಕೊರೆದಿತ್ತು. ಹತ್ತಿರದಲ್ಲೇ ಒರಳಿನಂತಹ ಗುಳಿಗಳಿದ್ದ ಕಲ್ಲು ಬಿದ್ದಿತ್ತು. ಇದು ತವರ ಕರಗಿಸುತ್ತಿದ್ದ ಮನೆ ಎಂದು ಮಗಳು ಹೇಳಿದಳು. ಕುಲುಮೆಯಾಗಲಿ, ಕಿಟ್ಟದ ರಾಶಿಯಾಗಲಿ ಕಾಣದಿರುವಾಗ ಇದನ್ನು ಹೇಗೆ ನಂಬುವುದು?
— ಶಿವಮೊಗ್ಗದ ಓದುಗರು

ಉತ್ತರ: ನಿಮ್ಮ ಅನುಮಾನದಲ್ಲಿ ಹುರುಳಿದೆ. ನೀವು ನೋಡಿದ್ದು ಬ್ಲ್ಯಾಕ್ ಟಾರ್ ಜಲಪಾತದ ಬಳಿಯ ಕಟ್ಟಡಗಳು. ಅವುಗಳನ್ನು ಬಹುಕಾಲದಿಂದ ‘ಬ್ಲೋಯಿಂಗ್ ಹೌಸ್’ ಎಂದು, ಅಂದರೆ ತಿದಿಯೊತ್ತಿ ತವರ ಕರಗಿಸುವ ಮನೆ ಎಂದು ಕರೆಯುತ್ತ ಬಂದಿದ್ದಾರೆ. ಆದರೆ ಗುಳಿ ಬಿದ್ದ ಕಲ್ಲು ಅಲ್ಲಿ ಅದಿರು ಕುಟ್ಟುತ್ತಿದ್ದರು ಎಂಬುದಕ್ಕೆ ಸಾಕ್ಷಿಯೇ ಹೊರತು ಕರಗಿಸುತ್ತಿದ್ದರು ಎಂಬುದಕ್ಕಲ್ಲ. ಈ ಕಾರಣಕ್ಕೇ ಈಚಿನ ಸಂಶೋಧಕರು ಇಂತಹ ಕಟ್ಟಡಗಳನ್ನು ಒಟ್ಟಾರೆಯಾಗಿ ‘ತವರದ ಗಿರಣಿ’ ಎನ್ನಲು ಇಷ್ಟಪಡುತ್ತಾರೆ. ಅಡ್ಡಗಲ್ಲಿನ ಮೇಲಿನ 13 ಕಟ್ಟಡದ ನೋಂದಣಿ ಸಂಖ್ಯೆ ಎನ್ನುವವರಿದ್ದಾರೆ. ಅದನ್ನು ಊಹೆ ಎಂದಷ್ಟೇ ಇಟ್ಟುಕೊಳ್ಳುವುದು ಲೇಸು.

ಡಾರ್ಟ್‌ಮೂರ್ ನೈಋತ್ಯ ಇಂಗ್ಲೆಂಡಿನ ಡೆವನ್ ಪ್ರಾಂತದಲ್ಲಿರುವ ಗ್ರಾನೈಟ್ ಪ್ರಸ್ಥಭೂಮಿ. ಇಲ್ಲಿನ ತವರದ ಉದ್ಯಮದ ಲಿಖಿತ ದಾಖಲೆ 1156ರಷ್ಟು ಹಿಂದಕ್ಕೆ ಹೋಗುತ್ತದೆ. ತವರದ ಅದಿರಾದ ಕ್ಯಾಸಿಟರೈಟ್ ನೀರಿಗಿಂತ ಸುಮಾರು ಏಳು ಪಟ್ಟು ಭಾರವಾಗಿದ್ದು, ಜೊತೆಗಿರುವ ಬೆಣಚುಕಲ್ಲು ಮೂರು ಪಟ್ಟಿನಷ್ಟೂ ಭಾರವಿಲ್ಲದ ಕಾರಣ, ಹೊಳೆಯ ಗರಸನ್ನು ಹರಿಯುವ ನೀರಿನಲ್ಲಿ ತೊಳೆದರೆ ಹಗುರವಾದದ್ದು ಕೊಚ್ಚಿಹೋಗಿ ಅದಿರು ತಳದಲ್ಲಿ ನಿಲ್ಲುತ್ತದೆ. ಮೊದಮೊದಲು ಹೀಗೆ ಹೊಳೆಪಾತ್ರದಲ್ಲಿ ಸಿಕ್ಕ ಅದಿರೇ ಸಾಕಾಗುತ್ತಿತ್ತು. ಅದು ತೀರುತ್ತ ಬಂದು ಬಂಡೆಯೊಳಗಿನ ಅದಿರಿಗೆ ಕೈಹಾಕಿದಾಗ ಕುಟ್ಟಿ ಪುಡಿಮಾಡುವ ಕೆಲಸ ಹೆಚ್ಚಿತು. ಕಬ್ಬಿಣದ ತಲೆ ಕಟ್ಟಿದ ಮರದ ಒನಕೆಗಳನ್ನು ನೀರಿನ ಚಕ್ರದ ಅಚ್ಚು ಎತ್ತೆತ್ತಿ ಬಿಡುತ್ತಿತ್ತು. ಅವು ಗ್ರಾನೈಟ್ ಕಲ್ಲಿನ ಮೇಲೆ ಬಿದ್ದೂ ಬಿದ್ದೂ ನೀವು ಕಂಡ ಗುಳಿಗಳಾದವು. ಗುಳಿಗಳು ಎರಡು ಮೂರರಂತೆ ಸಾಲಾಗಿರುವುದು ಒನಕೆಗಳನ್ನು ಸಾಲಾಗಿ ಜೋಡಿಸುತ್ತಿದ್ದುದರಿಂದ. ಗುಳಿ ತೀರ ಆಳವಾದಾಗ ಕಲ್ಲನ್ನು ಹೊರಳಿಸಿ ಇನ್ನೊಂದು ಮುಖವನ್ನು ಬಳಸುತ್ತಿದ್ದರು. ಆದ್ದರಿಂದ ಒಂದೇ ಕಲ್ಲಿನ ಎರಡು ಮೂರು ಮೈಗಳಲ್ಲೂ ಗುಳಿಗಳು ಕಾಣಸಿಗುವುದುಂಟು.

ಹಾಗಾದರೆ ಕರಗಿಸಿದ್ದಕ್ಕೆ ಸಾಕ್ಷಿ ಯಾವುದು? ಅದು ಅಚ್ಚುಕಲ್ಲು. ದೊಡ್ಡ ಗ್ರಾನೈಟ್ ಬಂಡೆಯ ನೆತ್ತಿಯಲ್ಲಿ ಅಚ್ಚುಕಟ್ಟಾಗಿ ಕಡಿದ ಆಯತಾಕಾರದ ತೊಟ್ಟಿ ಅದು. ತೊಟ್ಟಿಯ ನಾಲ್ಕೂ ಗೋಡೆಗಳು ನೆಟ್ಟಗಿರದೆ ತಳದ ಕಡೆಗೆ ಇಳಿಜಾರಾಗಿರುತ್ತವೆ. ತಣಿದು ಗಟ್ಟಿಯಾದ ತವರ ಸಿಕ್ಕಿಕೊಳ್ಳದೆ ಮೇಲಕ್ಕೆ ಬರಲಿ ಎಂಬುದು ಇದರ ಉದ್ದೇಶ. ಕುದುರೆಗೆ ನೀರಿಡುವ ಬಾನಿಯೆಂದು ದಾರಿಹೋಕರು ತಪ್ಪಾಗಿ ತಿಳಿಯಬಹುದಾದ ಈ ಕಲ್ಲು ಇರುವಲ್ಲಿ ಕರಗಿದ ಲೋಹ ಹರಿದಿದೆ ಎಂದು ನಿಸ್ಸಂಶಯವಾಗಿ ಹೇಳಬಹುದು. ವಾಕಮ್ ಹೊಳೆಯ ಮೆರಿವೇಲ್ ಬಳಿ, ಯೀಲ್ಮ್ ಹೊಳೆಯ ಯೀಲ್ಮ್ ಸ್ಟೆಪ್ಸ್ ಎಂಬಲ್ಲಿ ಇಂತಹ ಕಲ್ಲುಗಳಿವೆ. ಮೆರಿವೇಲ್‌ನಲ್ಲಿ ಒಂದೇ ಹೊಳೆಯುದ್ದಕ್ಕೂ ಇಂತಹ ಮೂರು ಮನೆಗಳಿದ್ದು, ಎಲ್ಲಕ್ಕಿಂತ ಮೇಲಿನದನ್ನು 1991ರಿಂದ 1996ರವರೆಗೆ ಉತ್ಖನನ ಮಾಡಿದಾಗ ಅದಿರು ಕುಟ್ಟುವ ಕೆಲಸವೂ ಕರಗಿಸುವ ಕೆಲಸವೂ ಅಲ್ಲಿಯೇ ನಡೆಯುತ್ತಿದ್ದುದು ಸ್ಪಷ್ಟವಾಯಿತು.

ಇನ್ನು ಕುಲುಮೆಯ ವಿಚಾರ. ತವರ ಬಲು ಬೇಗ ಕರಗುವ ಲೋಹ. 232 ಡಿಗ್ರಿ ಸೆಲ್ಸಿಯಸ್ ಸಾಕು. ಕಲಾಯಿ ಹಾಕುವವರು ಬೀದಿಬದಿಯಲ್ಲಿ ಸಣ್ಣ ಬೆಂಕಿಯಲ್ಲೇ ಪಾತ್ರೆಗೆ ತವರ ಹಚ್ಚುವುದು ಸಾಧ್ಯವಾಗುವುದು ಇದರಿಂದಲೇ. ಆದರೆ ಅದಿರಿನಿಂದ ತವರವನ್ನು ಬಿಡಿಸುವುದು ಬೇರೆ ಕೆಲಸ. ಅದಿರಿನಲ್ಲಿ ತವರ ಆಮ್ಲಜನಕದೊಡನೆ ಬೆಸೆದುಕೊಂಡಿರುತ್ತದೆ. ಅದನ್ನು ಇದ್ದಿಲಿನ ಇಂಗಾಲ ಕಿತ್ತುಕೊಳ್ಳಬೇಕಾದರೆ ಸಾವಿರ ಡಿಗ್ರಿಗೂ ಮಿಕ್ಕ ಕಾವು ಬೇಕು. ಅಷ್ಟು ಕಾವು ಏಳಲು ಬಿಡುವಿಲ್ಲದೆ ಗಾಳಿ ಊದಬೇಕು. ಹೀಗಾಗಿ ಗ್ರಾನೈಟ್ ಕುಲುಮೆಯ ಹಿಂದೆ ದೊಡ್ಡ ತಿದಿಗಳು, ತಿದಿಗಳನ್ನು ಒತ್ತಲು ನೀರಿನ ಚಕ್ರ, ಚಕ್ರಕ್ಕೆ ಹೊಳೆಯ ಮೇಲ್ಭಾಗದಿಂದ ತೋಡಿ ತಂದ ಕಾಲುವೆ. ಮನೆಗಳೆಲ್ಲ ಹೊಳೆದಂಡೆಯಲ್ಲೇ ಇರುವುದಕ್ಕೆ ಕಾರಣ ಇಷ್ಟೇ. ಬಿದ್ದ ಗೋಡೆಗೆ ಒತ್ತಿಕೊಂಡು ಉದ್ದನೆಯ ಇಕ್ಕಟ್ಟಾದ ಹೊಂಡವಿದ್ದರೆ ಅದು ಚಕ್ರ ತಿರುಗುತ್ತಿದ್ದ ಜಾಗ.

ಕಿಟ್ಟ ಏಕೆ ಕಾಣಲಿಲ್ಲವೆಂದರೆ, ತವರದ ಕಿಟ್ಟವನ್ನು ಯಾರೂ ಸುಮ್ಮನೆ ಎಸೆಯುತ್ತಿರಲಿಲ್ಲ. ಗಾಜಿನಂತಹ ಆ ಕಿಟ್ಟದಲ್ಲಿ ತವರದ ಸಣ್ಣ ಸಣ್ಣ ಮಣಿಗಳು ಉಳಿದಿರುತ್ತಿದ್ದುದರಿಂದ ಅದನ್ನೂ ಒನಕೆಯಡಿ ಕುಟ್ಟಿ, ತೊಳೆದು ಮತ್ತೆ ಕುಲುಮೆಗೆ ಹಾಕುತ್ತಿದ್ದರು. ಪಕ್ಕದ ಕಾರ್ನ್‌ವಾಲ್‌ನಲ್ಲಂತೂ, ಊದಿದ ಗಾಳಿಯೊಡನೆ ಹಾರಿ ಹುಲ್ಲಿನ ಸೂರಿನಲ್ಲಿ ಸೇರಿಕೊಂಡ ತವರದ ಕಣಗಳಿಗಾಗಿ ಕೆಲವು ವರ್ಷಗಳಿಗೊಮ್ಮೆ ಸೂರನ್ನೇ ಸುಟ್ಟು ಬೂದಿ ತೊಳೆಯುತ್ತಿದ್ದರೆಂದು ಹಳೆಯ ಬರಹಗಳು ಹೇಳುತ್ತವೆ. ಇಷ್ಟು ಜಿಪುಣತನದಿಂದ ನಡೆದ ಉದ್ಯಮದಲ್ಲಿ ಹೊತ್ತೊಯ್ಯಲಾಗದ ಕಲ್ಲು ಮಾತ್ರ ಉಳಿದಿದ್ದರೆ ಆಶ್ಚರ್ಯವಿಲ್ಲ.

ಪ್ರಶ್ನೆ: ಡಾರ್ಟ್‌ಮೂರಿನ ತವರದವರಿಗೆ ಪ್ರತ್ಯೇಕ ಕಾನೂನು, ಪ್ರತ್ಯೇಕ ಪಾರ್ಲಿಮೆಂಟು ಇತ್ತೆಂದು ಕೇಳಿದ್ದೇನೆ. ಅಷ್ಟು ಬಲವಿದ್ದ ಉದ್ಯಮ ಹೇಗೆ ಅಳಿಯಿತು?
— ಮೈಸೂರಿನ ಓದುಗರು

ಉತ್ತರ: ಇತ್ತು. ತವರ ಅಗೆಯುವ ಹಕ್ಕನ್ನು, ಅದನ್ನು ಕರಗಿಸಲು ಬೇಕಾದ ಪೀಟ್ ಮಣ್ಣನ್ನು (ಜೌಗಿನಲ್ಲಿ ಗಿಡಗಳು ಕೊಳೆತು ಆದ, ಒಣಗಿಸಿದರೆ ಉರಿಯುವ ಮಣ್ಣು) ಕಡಿದುಕೊಳ್ಳುವ ಹಕ್ಕನ್ನು ದೊರೆ ಜಾನ್ 1201ರ ಸನ್ನದಿನಲ್ಲಿ ಖಚಿತಪಡಿಸಿದ. ಮರ ವಿರಳವಾದ ಆ ಬಯಲಿನಲ್ಲಿ ಪೀಟನ್ನು ಸುಟ್ಟು ಮಾಡಿದ ಇದ್ದಿಲಿಗೆ ಬೆಲೆಯಿತ್ತು. ತವರದ ಗಟ್ಟಿಗಳನ್ನು ಟಾವಿಸ್ಟಾಕ್, ಆಶ್‌ಬರ್ಟನ್, ಚ್ಯಾಗ್‌ಫರ್ಡ್, ಪ್ಲಿಂಪ್ಟನ್ ಎಂಬ ನಾಲ್ಕು ಪಟ್ಟಣಗಳಿಗೆ ಒಯ್ದು, ಮೂಲೆಯ ಚೂರು ಕತ್ತರಿಸಿ ಪರೀಕ್ಷಿಸಿ, ತೆರಿಗೆ ಕಟ್ಟಿದ ಮೇಲೆಯೇ ಮಾರಬೇಕಿತ್ತು. ಈ ತೆರಿಗೆ 1838ರಲ್ಲಿ ರದ್ದಾಯಿತು. ತವರದವರ ಸಭೆ ಕ್ರಾಕರ್ನ್ ಟಾರ್ ಎಂಬ ಬಂಡೆಗುಡ್ಡದ ಮೇಲೆ ಬಯಲಲ್ಲೇ ಸೇರುತ್ತಿತ್ತು.

ಈ ಸಭೆಯ ದರ್ಪದ ಒಂದು ಪ್ರಸಂಗ ನಮಗೂ ಸಂಬಂಧಿಸಿದ್ದು. ತವರ ತೊಳೆದ ಹೂಳು ಹೊಳೆಗಳ ಮೂಲಕ ಇಳಿದು ಬಂದರುಗಳನ್ನು ಕೆಡಿಸುತ್ತಿದೆಯೆಂದು ಪ್ಲಿಂಪ್ಟನ್‌ನ ಸಂಸದ ರಿಚರ್ಡ್ ಸ್ಟ್ರೋಡ್ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಮಸೂದೆ ತರಲು ಯತ್ನಿಸಿದ. ತವರದವರ ನ್ಯಾಯಾಲಯ ಅವನಿಗೆ ದಂಡ ಹಾಕಿ, ಲಿಡ್‌ಫರ್ಡ್ ಕೋಟೆಯ ಸೆರೆಮನೆಯಲ್ಲಿ ಮೂರು ವಾರಕ್ಕೂ ಹೆಚ್ಚು ಕಾಲ ಕೂಡಿಹಾಕಿತು. ಪಾರ್ಲಿಮೆಂಟು 1512ರಲ್ಲಿ ಕಾಯಿದೆ ಮಾಡಿ ಆ ಶಿಕ್ಷೆಯನ್ನು ಅನೂರ್ಜಿತಗೊಳಿಸಿತು. ಸದನದೊಳಗಿನ ಮಾತಿಗಾಗಿ ಸದಸ್ಯರನ್ನು ಶಿಕ್ಷಿಸಕೂಡದೆಂಬ ಹಕ್ಕಿನ ಇತಿಹಾಸದಲ್ಲಿ ಈ ಕಾಯಿದೆಯನ್ನು ಇಂದಿಗೂ ಉಲ್ಲೇಖಿಸುತ್ತಾರೆ; ನಮ್ಮ ಸಂವಿಧಾನದ 105 ಮತ್ತು 194ನೇ ವಿಧಿಗಳು ಸಂಸದರಿಗೂ ಶಾಸಕರಿಗೂ ಕೊಡುವ ರಕ್ಷಣೆ ಅದೇ ಪರಂಪರೆಯದು.

ಡೆವನ್ನಿನ ತವರದ ಉತ್ಪಾದನೆ 1524ರಲ್ಲಿ ಸುಮಾರು 250 ಟನ್ನಿಗೆ ಏರಿ, ಅಲ್ಲಿಂದಾಚೆ ಇಳಿಯುತ್ತ ಹೋಯಿತು. ಸುಲಭವಾಗಿ ಸಿಗುವ ಅದಿರು ತೀರಿತ್ತು. 18ನೇ ಶತಮಾನದ ಆರಂಭದಲ್ಲಿ ಕಾರ್ನ್‌ವಾಲ್‌ನಲ್ಲಿ ಹೊಸ ಬಗೆಯ ಕುಲುಮೆ ಬಂದಿತು. ಅದರಲ್ಲಿ ಕಲ್ಲಿದ್ದಲು ಒಂದು ಕಡೆ ಉರಿದು, ಅದರ ಜ್ವಾಲೆ ಮಾತ್ರ ಅದಿರಿನ ಮೇಲೆ ಹಾಯುವುದರಿಂದ ಗಂಧಕದ ಕಲಬೆರಕೆ ತಪ್ಪುತ್ತದೆ, ತಿದಿಯೂ ಬೇಡ. ಕಲ್ಲಿದ್ದಲು ಹಡಗಿನಲ್ಲಿ ಬಂದಿಳಿಯುವ ಕಡೆ ಕರಗಿಸುವುದೇ ಅಗ್ಗವಾದಾಗ ಬೆಟ್ಟದ ಹೊಳೆದಂಡೆಯ ಮನೆಗಳನ್ನು ನಡೆಸುವವರಿಲ್ಲದಾಯಿತು. ಆಮೇಲೂ ಒಂದು ಪ್ರಯತ್ನ ನಡೆಯಿತು: ಬಯಲಿನ ದಕ್ಷಿಣ ಭಾಗದ ಐಲ್ಸ್‌ಬ್ಯಾರೋ ಗಣಿಯಲ್ಲಿ 1822ರಿಂದ 1831ರವರೆಗೆ ಈ ಹೊಸ ಬಗೆಯ ಕುಲುಮೆಯನ್ನೂ ಇಟ್ಟುಕೊಂಡು ತವರ ಕರಗಿಸಿದರು. ಅಲ್ಲಿ ಗಣಿಯ ನೀರೆತ್ತುವ ಪಂಪಿಗೆ ದೂರದ ಚಕ್ರದಿಂದ ಚಲನೆ ಒಯ್ಯುತ್ತಿದ್ದ ಸರಳುಗಳನ್ನು ಹೊತ್ತಿದ್ದ ಮೋಟು ಗ್ರಾನೈಟ್ ಕಂಬಗಳು, ಜೋಡಿ ಜೋಡಿಯಾಗಿ, ಇಂದಿಗೂ ಹುಲ್ಲಿನ ನಡುವೆ ಸಾಲುಗಟ್ಟಿ ನಿಂತಿವೆ. ನನ್ನನ್ನು ಕೇಳಿದರೆ, ಈ ಸಾಲನ್ನು ನೋಡಲೆಂದೇ ಅಷ್ಟು ದೂರ ನಡೆಯಬಹುದು.

ಪ್ರಶ್ನೆ: ಕೆಜಿಎಫ್ ಗಣಿಗಳಿಗೆ ಬಂದ ಇಂಗ್ಲಿಷರು ತವರದ ಗಣಿಯ ಕಡೆಯವರೆಂದು ಹಿರಿಯರು ಹೇಳುತ್ತಿದ್ದರು. ಡಾರ್ಟ್‌ಮೂರಿಗೂ ಅದಕ್ಕೂ ನಂಟಿದೆಯೇ?
— ಬಂಗಾರಪೇಟೆಯ ಓದುಗರು

ಉತ್ತರ: ನಿಮ್ಮ ಹಿರಿಯರು ಹೇಳಿದ್ದು ನಿಜ. ಕೋಲಾರದ ಚಿನ್ನದ ಗಣಿಗಳಲ್ಲಿ ಕಾರ್ನ್‌ವಾಲ್‌ನ ಅನೇಕ ಅನುಭವಿ ಗಣಿಗಾರರಿದ್ದರು. ಡಾರ್ಟ್‌ಮೂರಿನ ನಂಟು ಇನ್ನೊಂದು ದಾರಿಯದು. 1880ರ ದಶಕದಿಂದ ಕೆಜಿಎಫ್ ಗಣಿಗಳ ಆಡಳಿತ ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಮೂಲಪುರುಷ ಜಾನ್ ಟೇಲರ್ (1779–1863) ತನ್ನ ವೃತ್ತಿ ಆರಂಭಿಸಿದ್ದು ಡಾರ್ಟ್‌ಮೂರಿನ ಪಶ್ಚಿಮ ಅಂಚಿನ ಮೇರಿ ಟಾವಿ ಎಂಬಲ್ಲಿಯ ವೀಲ್ ಫ್ರೆಂಡ್‌ಶಿಪ್ ಎಂಬ ತಾಮ್ರದ ಗಣಿಯಲ್ಲಿ. 1817ರಲ್ಲಿ ತೆರೆದ ಟಾವಿಸ್ಟಾಕ್ ಕಾಲುವೆಯೂ ಅವನ ಕೆಲಸವೇ. ಆದರೆ ಆತನ ಕಾಲಕ್ಕೆ ತಿದಿಮನೆಗಳು ಆಗಲೇ ಪಾಳುಬಿದ್ದಿದ್ದವು. ಅವುಗಳನ್ನು ಕೆಜಿಎಫ್‌ಗೆ ನೇರವಾಗಿ ಗಂಟುಹಾಕುವುದು ಸರಿಯಾಗದು.

ಪ್ರಶ್ನೆ: ನೋಡಲು ಹೋಗುವವರು ಎಲ್ಲಿಂದ ಆರಂಭಿಸಬೇಕು?
— ಹುಬ್ಬಳ್ಳಿಯ ಓದುಗರು

ಉತ್ತರ: ಮೆರಿವೇಲ್‌ನಿಂದ. ಟಾವಿಸ್ಟಾಕ್‌ನಿಂದ ಬಯಲನ್ನು ಹಾಯುವ ರಸ್ತೆಯ ಮಗ್ಗುಲಲ್ಲೇ ಆ ಊರಿದ್ದು, ಹೊಳೆಗುಂಟ ಮೇಲಕ್ಕೆ ನಡೆದರೆ ತಿದಿಮನೆಗಳು ಸಿಗುತ್ತವೆ. ಉತ್ತರದ ಬಯಲಿನಲ್ಲಿ ಸೈನ್ಯದ ಗುಂಡಿನ ಅಭ್ಯಾಸ ನಡೆಯುವ ಜಾಗಗಳಿವೆ. ಕೆಂಪು ಬಾವುಟ ಹಾರುತ್ತಿದ್ದರೆ ಆ ಗಡಿ ದಾಟಬಾರದು. ಇಂತಹ ಅನೇಕ ಅವಶೇಷಗಳಿಗೆ ಕಾನೂನಿನ ರಕ್ಷಣೆ ಇರುವುದರಿಂದ ಯಾವ ಕಲ್ಲನ್ನೂ ಕದಲಿಸಬೇಡಿ. ಮಳೆಗಾಲದ ಬೂಟು, ಕಾಗದದ ನಕ್ಷೆ ಎರಡೂ ಜೊತೆಗಿರಲಿ. ಮಂಜು ಕವಿದಾಗ ಮೊಬೈಲನ್ನೇ ನೆಚ್ಚಿ ನಡೆಯುವ ಬಯಲು ಅದಲ್ಲ.