ದಿಬ್ಬ ಸವೆದರೂ ಗೋರಿ ಉಳಿದೀತು

ಪ್ರಶ್ನೆ: ನನ್ನ ಮಗ ಲಂಡನ್ನಿನಲ್ಲಿದ್ದಾನೆ. ಅಲ್ಲಿನ ಗ್ರೀನಿಚ್ ಪಾರ್ಕಿನಲ್ಲಿ ಹುಲ್ಲು ಬೆಳೆದ ಪುಟ್ಟ ದಿಬ್ಬಗಳನ್ನು ವಿಡಿಯೋ ಕಾಲ್‌ನಲ್ಲಿ ತೋರಿಸಿ, ಇವು ಆಂಗ್ಲೋ-ಸ್ಯಾಕ್ಸನ್ ಜನರ ಗೋರಿಗಳು ಅಂದ. ಅಷ್ಟು ದೊಡ್ಡ ಊರಿನೊಳಗೆ ಅವು ಹೇಗೆ ಉಳಿದವು? ನಮ್ಮ ಕುಡತಿನಿಯ ಬೂದಿ ದಿಬ್ಬವೂ ಅಂಥದ್ದೇನಾ?
– ಓದುಗರೊಬ್ಬರು, ತೋರಣಗಲ್ಲು

ಉತ್ತರ: ನಿಮ್ಮ ಮಗ ಹೇಳಿದ್ದು ಸರಿ. ಆಂಗ್ಲೋ-ಸ್ಯಾಕ್ಸನ್ನರು 5ನೇ ಶತಮಾನದ ಹೊತ್ತಿಗೆ ಜರ್ಮನಿ, ಡೆನ್ಮಾರ್ಕ್ ಕಡೆಯಿಂದ ಇಂಗ್ಲೆಂಡಿಗೆ ಬಂದು ನೆಲೆಸಿದವರು. ಸತ್ತವರನ್ನು ಹೂಳಿ, ಕೆಲವರ ಮೇಲೆ ಮಣ್ಣಿನ ದಿಬ್ಬ ಹಾಕುತ್ತಿದ್ದರು. ಗ್ರೀನಿಚ್‌ನಲ್ಲಿ 1784ರಲ್ಲಿ ಜೇಮ್ಸ್ ಡಗ್ಲಸ್ ಎಂಬ ಪಾದ್ರಿ ಅಗೆಸಿದಾಗ ಈಟಿಯ ಮೊನೆ, ಗಾಜಿನ ಮಣಿ, ಬಟ್ಟೆಯ ಚೂರು ಸಿಕ್ಕವು.

ಉಳಿದ ಕಾರಣ ಸರಳ. 1433ರಲ್ಲೇ ಆ ಜಾಗಕ್ಕೆ ಬೇಲಿ ಬಿತ್ತು. ರಾಜಮನೆತನದವರ ಪಾರ್ಕ್ ಆಯಿತು. ಸುತ್ತ ಮನೆಗಳು ಎದ್ದರೂ ಒಳಗೆ ನೇಗಿಲೂ ಬರಲಿಲ್ಲ, ಪಾಯವೂ ಬೀಳಲಿಲ್ಲ. ಆದರೆ 1844ರಲ್ಲಿ ನೀರಿನ ತೊಟ್ಟಿ ಕಟ್ಟಲು ಹೋಗಿ ಕೆಲವನ್ನು ಸಮ ಮಾಡಿಬಿಟ್ಟರು. ಜನ ಗಲಾಟೆ ಮಾಡಿದ ಮೇಲೆ ಕೆಲಸ ಬೇರೆ ಕಡೆ ಹೋಯಿತು. ಆ ಜನರ ಬಗ್ಗೆ ನನಗೆ ತುಂಬಾ ಗೌರವ.

ನಿಮ್ಮ ಮಗನಿಗೆ ಪ್ರಿಟಲ್‌ವೆಲ್‌ಗೂ ಹೋಗಿ ಬಾ ಅನ್ನಿ. ಲಂಡನ್ನಿನ ಪೂರ್ವಕ್ಕೆ, ಸೌತೆಂಡ್ ಎಂಬ ಕಡಲತೀರದ ಊರಿನ ಭಾಗ ಅದು. ಒಂದು ಕಡೆ ರಸ್ತೆ, ಇನ್ನೊಂದು ಕಡೆ ರೈಲು ಹಳಿ. ನಡುವೆ ಸುಮ್ನೆ ಒಂದು ಹುಲ್ಲಿನ ಪಟ್ಟಿ. ಮೇಲಿದ್ದ ದಿಬ್ಬ ಯಾವತ್ತೋ ಸವೆದು ಹೋಗಿತ್ತು. 2003ರಲ್ಲಿ ರಸ್ತೆ ಅಗಲ ಮಾಡುವ ಯೋಜನೆ ಬಂತು. ಕೆಲಸಕ್ಕೆ ಮೊದಲು ಪರೀಕ್ಷೆಗೆಂದು ಲಂಡನ್ ಮ್ಯೂಸಿಯಮ್ಮಿನ ತಂಡ ಅಗೆಯಿತು. ಕೆಳಗೆ ಆಂಗ್ಲೋ-ಸ್ಯಾಕ್ಸನ್ ಗೋರಿ, ಮರದ ಹಲಗೆ ಹೊದಿಸಿದ ಕೋಣೆ! ಹೆಚ್ಚುಕಡಿಮೆ ನಾಲ್ಕು ಮೀಟರ್ ಚೌಕ. ಗೋಡೆಯ ಕೊಕ್ಕೆಗೆ ನೇತುಹಾಕಿದ್ದ ಪಾತ್ರೆಗಳು ಸುಮಾರು 1400 ವರ್ಷ ಕಳೆದರೂ ನೇತಾಡುವ ಜಾಗದಲ್ಲೇ ಇದ್ದವು. ಹಲಗೆ ಕೊಳೆಯುತ್ತಾ ಹೋದಂತೆ ಮಣ್ಣು ನಿಧಾನಕ್ಕೆ ತುಂಬಿ, ಅವನ್ನು ಹಾಗೇ ಹಿಡಿದುಕೊಂಡಿತ್ತು. ಚಿನ್ನದ ಬಕಲ್, ಮಡಚುವ ಪೀಠ, ತಂತಿವಾದ್ಯವೊಂದರ ಅವಶೇಷ, ಚಿನ್ನದ ತಗಡಿನ ಎರಡು ಪುಟ್ಟ ಶಿಲುಬೆ ಸಿಕ್ಕವು. ದೇಹ ಮಾತ್ರ ಆಮ್ಲದ ಮಣ್ಣಿನಲ್ಲಿ ಕರಗಿಹೋಗಿತ್ತು. ಹಲ್ಲಿನ ಚೂರುಗಳಷ್ಟೇ ಉಳಿದಿದ್ದವು. ಮೇಲೆ ಏನೂ ಕಾಣುತ್ತಿಲ್ಲ, ಅಂದಮೇಲೆ ಕೆಳಗೂ ಏನಿಲ್ಲ ಎಂದು ಹೇಳುವವರಿಗೆ ನಾನು ಯಾವಾಗಲೂ ಪ್ರಿಟಲ್‌ವೆಲ್ ಕಥೆ ಹೇಳುತ್ತೇನೆ.

ಇನ್ನು ಕುಡತಿನಿ. ಅದು ಗೋರಿ ಅಲ್ಲ. ನಾನು ಬಳ್ಳಾರಿ ಕಡೆಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದಾಗ ಮಕ್ಕಳು ಅದನ್ನು ರಕ್ಕಸನನ್ನು ಸುಟ್ಟ ಬೂದಿ ಅನ್ನುತ್ತಿದ್ದರು. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತೆ ಅನ್ನುತ್ತಾರಲ್ಲ, ಹಾಗೆ. ಕಥೆ ಚೆನ್ನಾಗಿದೆ, ಅದೂ ಉಳಿಯಲಿ. ಆದರೆ ಅದು ದನದ ಸಗಣಿಯ ಬೂದಿ. ನಾಲ್ಕೈದು ಸಾವಿರ ವರ್ಷದ ಹಿಂದೆ, ನವಶಿಲಾಯುಗದಲ್ಲಿ, ದನ ಕೂಡುತ್ತಿದ್ದ ದೊಡ್ಡಿಗಳಲ್ಲಿ ಸಗಣಿ ರಾಶಿ ಬೀಳುತ್ತಿತ್ತು. ಅದನ್ನು ಮತ್ತೆ ಮತ್ತೆ ಸುಟ್ಟರು. ಬೆಂಕಿ ಎಷ್ಟು ಜೋರಾಗಿತ್ತೆಂದರೆ ಕೆಲವು ಕಡೆ ಬೂದಿ ಕರಗಿ ಗಾಜಿನ ಹಾಗೆ ಗಟ್ಟಿಯಾಗಿದೆ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಸಗಣಿಯ ಮಾತು ಹೇಳಿದ್ದರು. ಆಮೇಲೆ ಕೃಷ್ಣಾ ನದಿಯಾಚೆಯ ಉತ್ನೂರಿನಲ್ಲಿ ಪುರಾತತ್ವಜ್ಞ ಆಲ್ಚಿನ್ ಅಗೆದಾಗ ದನಗಳ ಗೊರಸಿನ ಗುರುತುಗಳೇ ಸಿಕ್ಕವು.

ಇಂಥ ಎಷ್ಟೋ ದಿಬ್ಬಗಳ ಬೂದಿಯನ್ನು ಗೊಬ್ಬರಕ್ಕೆಂದು ಹೊಲಕ್ಕೆ ಹೊತ್ತು ಹಾಕಿದ್ದಾರೆ. ರೈತರನ್ನು ನಾನು ಬೈಯುವುದಿಲ್ಲ. ಅದರ ಬೆಲೆ ಅವರಿಗೆ ಯಾರು ಹೇಳಿದ್ದರು? ಆದರೆ ಈಗ ಗೊತ್ತಿದ್ದೂ ಜೆಸಿಬಿ ತರುವವರ ಮೇಲೆ ನನಗೆ ಸಿಟ್ಟಿದೆ. ಪ್ರಿಟಲ್‌ವೆಲ್‌ನಲ್ಲಿ ಮಾಡಿದ ಹಾಗೆ ಮೊದಲು ಅಗೆದು ನೋಡಲಿ, ಆಮೇಲೆ ರಸ್ತೆಯೋ ಲೇಔಟೋ ತೀರ್ಮಾನ ಮಾಡಲಿ. ನಿಮ್ಮ ಊರಿನ ಸುತ್ತ ಬೂದಿ ಬಣ್ಣದ ದಿಬ್ಬ ಕಂಡರೆ ಫೋಟೋ ತೆಗೆದು, ಸರ್ವೆ ನಂಬರ್ ಸಮೇತ ಪುರಾತತ್ವ ಇಲಾಖೆಗೆ ಅರ್ಜಿ ಕೊಡಿ. ಬಾಯಿಮಾತಿಗಿಂತ ಅರ್ಜಿಗೆ ತೂಕ ಜಾಸ್ತಿ.

ಪ್ರಶ್ನೆ: ಹಾಗಾದರೆ ನಮ್ಮ ಕಡೆ ನಿಜವಾದ ಹಳೆಯ ಗೋರಿಗಳು ಎಲ್ಲಿವೆ?
– ಮತ್ತೊಬ್ಬ ಓದುಗರು, ಕಾರಟಗಿ

ಉತ್ತರ: ನಿಮ್ಮ ಪಕ್ಕದಲ್ಲೇ! ಗಂಗಾವತಿ ಹತ್ತಿರದ ಹಿರೇಬೆಣಕಲ್ ಬೆಟ್ಟದ ಮೇಲೆ ನಾನೂರರಷ್ಟು ಕಲ್ಲಿನ ಗೋರಿಗಳಿವೆ. ಎರಡು ಸಾವಿರ ವರ್ಷಕ್ಕೂ ಹಳೆಯವು, ಕಬ್ಬಿಣಯುಗದವು. ಚಪ್ಪಡಿ ನಿಲ್ಲಿಸಿ ಮೇಲೆ ಚಪ್ಪಡಿ ಹೊದಿಸಿದ್ದಾರೆ. ಊರಿನವರು ಮೋರ್ಯರ ಗುಡ್ಡ ಅನ್ನುತ್ತಾರೆ. ಚಳಿಗಾಲದಲ್ಲಿ ಬೆಳಿಗ್ಗೆ ಬೇಗ ಹೊರಡಿ, ನೀರು ಒಯ್ಯಿರಿ, ಊರಿನವರೊಬ್ಬರನ್ನು ದಾರಿಗೆ ಜೊತೆ ಮಾಡಿಕೊಳ್ಳಿ. ಫೋಟೋಕ್ಕಾಗಿ ಚಪ್ಪಡಿ ಮೇಲೆ ಮಾತ್ರ ಹತ್ತಬೇಡಿ.