ಐವತ್ತು ಮೀಟರ್ ವಾಚು, ಒಂದು ಬಿಸಿನೀರ ಸ್ನಾನ

ಪ್ರಶ್ನೆ: ನನ್ನ ಸ್ಮಾರ್ಟ್‌ವಾಚಿನ ಬೆನ್ನಿನ ಮೇಲೆ ‘5 ಎಟಿಎಂ, 50 ಮೀಟರ್’ ಎಂದು ಕೊರೆದಿದೆ. ಎರಡು ವರ್ಷಗಳಿಂದ ಸ್ನಾನಕ್ಕೂ ಅದನ್ನು ಕಟ್ಟಿಕೊಂಡೇ ಹೋಗುತ್ತಿದ್ದೇನೆ. ಹೋದ ವಾರ ಬಿಸಿನೀರ ಸ್ನಾನ ಮುಗಿಸಿ ಬಂದಾಗ ಗಾಜಿನ ಒಳಗೆ ಮಂಜು ಕವಿದಿತ್ತು. ಐವತ್ತು ಮೀಟರ್ ಆಳ ತಡೆಯುವ ವಾಚು ಶವರಿನ ನೀರನ್ನು ತಡೆಯಲಾರದೇ? ತಯಾರಕರು ಸುಳ್ಳು ಹೇಳಿದರೇ?

ಉತ್ತರ: ಸುಳ್ಳು ಹೇಳಲಿಲ್ಲ, ಪೂರ್ತಿ ಹೇಳಲಿಲ್ಲ. ಈ ಎಟಿಎಂ ಹಣ ಕೊಡುವ ಯಂತ್ರವಲ್ಲ, ವಾತಾವರಣದ ಒತ್ತಡದ ಅಳತೆ. ನೀರಿನಲ್ಲಿ ಹತ್ತು ಮೀಟರ್ ಇಳಿದರೆ ಸುಮಾರು ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ, ಐವತ್ತು ಮೀಟರಿಗೆ ಐದು. ಆ ಒತ್ತಡವನ್ನು ಹಾಕಿ ನೋಡುವುದು ಪ್ರಯೋಗಾಲಯದ ಮುಚ್ಚಿದ ಪಾತ್ರೆಯಲ್ಲಿ, ಹೊಚ್ಚ ಹೊಸ ವಾಚಿನ ಮೇಲೆ, ತಣ್ಣನೆಯ ಸಿಹಿನೀರಿನಲ್ಲಿ, ಕೆಲವೇ ನಿಮಿಷಗಳ ಕಾಲ. ಅಲ್ಲಿ ಸಾಬೂನಿಲ್ಲ, ಹಬೆಯಿಲ್ಲ, ಎರಡು ವರ್ಷದ ಸವೆತವೂ ಇಲ್ಲ. ನಿಮ್ಮ ಬಚ್ಚಲಿನಲ್ಲಿ ಮೂರೂ ಇವೆ.

ನನಗೂ ಈ ಬುದ್ಧಿ ಪುಕ್ಕಟೆ ಬಂದದ್ದಲ್ಲ. ನಿಮ್ಮ ಹಾಗೆಯೇ ಮೊಂಡುತನ ಮಾಡಿ ಒಂದು ವಾಚನ್ನು ಕಳೆದುಕೊಂಡ ಮೇಲೆ, ಹೇಗೂ ಹೋಯಿತಲ್ಲ ಎಂದು ಅದನ್ನು ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದೆ. ಗಾಜು ಮತ್ತು ಚೌಕಟ್ಟಿನ ನಡುವಿನ ಅಂಟು ಮೂರು ಕಡೆ ಹೊಳೆಯುವ ಕಪ್ಪು ಗೆರೆಯಾಗಿ ಚೆನ್ನಾಗಿಯೇ ಇತ್ತು. ನಾಲ್ಕನೆಯ ಮೂಲೆಯಲ್ಲಿ, ಹಿಂದೊಮ್ಮೆ ಕೈಜಾರಿ ನೆಲಕ್ಕೆ ಬಿದ್ದ ಕಡೆಯೇ, ಕೂದಲೆಳೆಯಷ್ಟು ಬಿಟ್ಟುಕೊಂಡಿತ್ತು. ಗುಂಡಿಯ ಸುತ್ತಲಿನ ರಬ್ಬರ್ ಉಂಗುರ ಚಪ್ಪಟೆಯಾಗಿ ಕೂತಿತ್ತು, ಅದರ ಅಂಚಿಗೆ ಒಣಗಿದ ಸಾಬೂನಿನ ಬಿಳಿ ಪದರ ಮೆತ್ತಿಕೊಂಡಿತ್ತು. ಬಿದ್ದ ದಿನ ಗಾಜಿನ ಮೇಲೆ ಗೀರು ಕೂಡ ಇರಲಿಲ್ಲವೆಂದು ಹಿಗ್ಗಿದ್ದು ನೆನಪಿದೆ.

ಇನ್ನು ನಿಮ್ಮ ಮಂಜಿನ ವಿಷಯ. ಸ್ಮಾರ್ಟ್‌ವಾಚು ಹಳೆಯ ಕೈಗಡಿಯಾರದ ಹಾಗೆ ಬಾಯಿ ಮುಚ್ಚಿದ ಡಬ್ಬಿಯಲ್ಲ. ಅದಕ್ಕೆ ಮೈಕ್ ಬೇಕು, ಸ್ಪೀಕರ್ ಬೇಕು, ಎತ್ತರ ಅಳೆಯುವ ಒತ್ತಡದ ಸಂವೇದಕಕ್ಕೆ ಹೊರಗಿನ ಗಾಳಿ ಬೇಕು. ಹಾಗಾಗಿ ಎಷ್ಟೋ ವಾಚುಗಳಲ್ಲಿ ಇಂಥ ರಂಧ್ರಗಳಿಗೆ ಅತಿ ಸೂಕ್ಷ್ಮ ತೂತುಗಳಿರುವ ಪೊರೆ ಹಾಕಿರುತ್ತಾರೆ. ನೀರಿನ ಹನಿ ತನ್ನ ಮೇಲ್ಮೈ ಎಳೆತದಿಂದ ಮೈ ಮುದುಡಿಕೊಂಡು ಪೊರೆಯ ಹೊರಗೇ ನಿಲ್ಲುತ್ತದೆ, ಗಾಳಿ ಒಳಗೆ ಹೊರಗೆ ಆಡುತ್ತದೆ. ಹಬೆಯೂ ಗಾಳಿಯ ಜಾತಿಯದೇ! ಹನಿಯನ್ನು ತಡೆದ ಪೊರೆ ಹಬೆಯನ್ನು ಒಳಗೆ ಬಿಡುತ್ತದೆ. ನೀವು ಬಚ್ಚಲಿನಿಂದ ಹೊರಬಂದೊಡನೆ ಗಾಜು ತಣ್ಣಗಾಗಿ ಒಳಗಿನ ಹಬೆ ಅದರ ಮೇಲೆ ಮಂಜಾಗಿ ಕೂರುತ್ತದೆ. ಸಾಬೂನು, ಶಾಂಪೂ ಇನ್ನೂ ಕಿಡಿಗೇಡಿಗಳು. ಅವು ನೀರಿನ ಮೇಲ್ಮೈ ಎಳೆತವನ್ನು ಅರ್ಧಕ್ಕೋ ಅದಕ್ಕೂ ಕೆಳಗೋ ಇಳಿಸಿಬಿಡುತ್ತವೆ. ಮುದುಡಿ ನಿಲ್ಲಬೇಕಿದ್ದ ಹನಿ ಮೈಚಾಚಿ ಸಂದಿಗೆ ನುಸುಳುತ್ತದೆ. ಆದ್ದರಿಂದ ಐವತ್ತು ಮೀಟರ್ ವಾಚು ಈಜುಕೊಳದಲ್ಲಿ ಗೆದ್ದು ಬಚ್ಚಲಿನಲ್ಲಿ ಸೋಲುವುದರಲ್ಲಿ ಆಶ್ಚರ್ಯವೇನಿಲ್ಲ.

ಈಗ ಮಾಡಬೇಕಾದದ್ದು: ವಾಚನ್ನು ಆಫ್ ಮಾಡಿ, ಚಾರ್ಜಿಗೆ ಇಡಬೇಡಿ, ಗಾಳಿಯಾಡುವ ಒಣ ಜಾಗದಲ್ಲಿ ಬಿಡಿ. ಒಂದು ದಿನದೊಳಗೆ ಮಂಜು ಕರಗಿ ಮತ್ತೆ ಬಾರದಿದ್ದರೆ ಬಹುಶಃ ಬರೀ ಹಬೆ. ಹನಿ ಕಂಡರೆ, ಅಥವಾ ಮಂಜು ದಿನವೂ ಬಂದರೆ, ಅಂಟು ಬಿಟ್ಟಿದೆ ಎಂದೇ ತಿಳಿಯಿರಿ. ದುರಸ್ತಿಯವರಲ್ಲಿಗೆ ಹೋಗಿ. ಹೇರ್ ಡ್ರೈಯರ್ ಹಿಡಿಯುವ ಆಸೆಯನ್ನು ಅದುಮಿಕೊಳ್ಳಿ, ಬಿಸಿಗೆ ಇರುವ ಅಂಟೂ ಬಿಡುತ್ತದೆ, ಬ್ಯಾಟರಿಗೂ ಒಳ್ಳೆಯದಲ್ಲ.

ಪ್ರಶ್ನೆ: ಒಂದು ವಾಚಿನ ಮೇಲೆ ಐಪಿ68 ಎಂದಿದೆ, ಇನ್ನೊಂದರ ಮೇಲೆ 5 ಎಟಿಎಂ. ಈಜಲು ಯಾವುದು?

ಉತ್ತರ: 5 ಎಟಿಎಂ. ಐಪಿ ಎಂಬುದು ಧೂಳು, ನೀರು ಒಳಹೋಗದಂತೆ ತಡೆಯುವ ದರ್ಜೆ. ಐಪಿ68ರಲ್ಲಿ 6 ಧೂಳಿನ ಅಂಕಿ, 8 ನೀರಿನದು. ಐಪಿ67 ಎಂದರೆ ಒಂದು ಮೀಟರ್ ನೀರಿನಲ್ಲಿ ಮೂವತ್ತು ನಿಮಿಷ. 68 ಅದಕ್ಕಿಂತ ಕಠಿಣ, ಆದರೆ ಎಷ್ಟು ಆಳ, ಎಷ್ಟು ಹೊತ್ತು ಎಂಬುದನ್ನು ತಯಾರಕರೇ ನಿಗದಿ ಮಾಡುತ್ತಾರೆ, ಕೈಪಿಡಿಯ ಸಣ್ಣ ಅಕ್ಷರದಲ್ಲಿ ಹುಡುಕಬೇಕು. ಮುಳುಗಿ ಸುಮ್ಮನಿರುವ ಪರೀಕ್ಷೆ ಇದು. ನೀರಿನ ರಭಸಕ್ಕೆ 5, 6 ಎಂಬ ಬೇರೆಯೇ ಅಂಕಿಗಳಿವೆ. 8 ಪಾಸಾದದ್ದು ಅವನ್ನೂ ಪಾಸಾಗಿದೆ ಎಂದುಕೊಳ್ಳುವಂತಿಲ್ಲ.

ಈಜುವಾಗ ಕೈ ಬೀಸಿದರೆ ಒತ್ತಡ ಹತ್ತಾರು ಮೀಟರಿನಷ್ಟು ಏರುತ್ತದೆ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಕೈ ಬೀಸಿದರೂ ಹೆಚ್ಚುವ ಒತ್ತಡ ಸುಮಾರು ಅರ್ಧ ಮೀಟರ್ ನೀರಿನಷ್ಟು. ಆದರೆ ಒತ್ತಡ ಏರುವುದು ವೇಗದ ವರ್ಗದಂತೆ, ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಹತ್ತು ಮೀಟರ್ ಎತ್ತರದ ಹಲಗೆಯಿಂದ ಜಿಗಿದವರು ನೀರನ್ನು ಮುಟ್ಟುವಾಗಿನ ವೇಗ ಸೆಕೆಂಡಿಗೆ ಸುಮಾರು 14 ಮೀಟರ್, ಒತ್ತಡ ಹತ್ತು ಮೀಟರ್ ನೀರಿನಷ್ಟು, ಅದರ ಮೇಲೆ ಅಪ್ಪಳಿಸಿದ ಪೆಟ್ಟು ಬೇರೆ. ಜೆಟ್ ಸ್ಕೀಯಿಂದ ಬೀಳುವವರೂ ಇದೇ ಸಾಲಿನವರು. ಈಜಿ, ಜಿಗಿಯುವಾಗ ಮಾತ್ರ ಬಿಚ್ಚಿಡಿ.

ಪ್ರಶ್ನೆ: ಸಮುದ್ರದಲ್ಲಿ ಮಿಂದು ಬಂದ ಮೇಲೆ ವಾಚಿನ ಧ್ವನಿ ಗೊಗ್ಗರಾಗಿದೆ. ಅಕ್ಕಿ ಡಬ್ಬಿಯಲ್ಲಿ ಹೂತಿಡಲೇ?

ಉತ್ತರ: ಅಕ್ಕಿಯನ್ನು ಅಡುಗೆಗೆ ಬಿಡಿ. ಅದು ವಾಚಿನ ಹೊಟ್ಟೆಯ ನೀರನ್ನು ಹೀರುವುದಿಲ್ಲ, ತನ್ನ ಹುಡಿಯನ್ನು ಮಾತ್ರ ರಂಧ್ರಗಳಿಗೆ ತುಂಬುತ್ತದೆ. ಒದ್ದೆಯಾದ ಐಫೋನನ್ನು ಅಕ್ಕಿಯಲ್ಲಿ ಇಡಬೇಡಿ ಎಂದು ಆ್ಯಪಲ್ ಕಂಪನಿಯೇ ಬರೆದು ಹಾಕಿದೆ. ಹೂತಿಟ್ಟ ಮರುದಿನ ವಾಚು ಸರಿಹೋದರೆ ಅದು ಗಾಳಿಗೆ ತಾನಾಗಿ ಒಣಗಿದ್ದು, ಹೆಸರು ಮಾತ್ರ ಅಕ್ಕಿಗೆ.

ಮೊದಲು ಉಪ್ಪನ್ನು ತೊಳೆಯಿರಿ. ಸಮುದ್ರದ ನೀರು ಆರಿದರೂ ಉಪ್ಪಿನ ಹರಳು ಉಳಿಯುತ್ತದೆ, ಗುಂಡಿಯನ್ನು ತಿರುಗಿಸಿದಾಗಲೆಲ್ಲ ರಬ್ಬರನ್ನು ಮರಳುಕಾಗದದಂತೆ ಉಜ್ಜುತ್ತದೆ. ಉಗುರುಬೆಚ್ಚಗಿನ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು, ಎಳೆ ಬಿಡದ ಬಟ್ಟೆಯಿಂದ ಒತ್ತಿ ಒರೆಸಿ. ಈಜುಕೊಳದ ಕ್ಲೋರಿನ್‌ಗೂ ಇದೇ ಉಪಚಾರ. ಆಮೇಲೆ ನಿಮ್ಮ ವಾಚಿನಲ್ಲಿ ನೀರಿನ ಬೀಗದ (ವಾಟರ್ ಲಾಕ್) ಸೌಲಭ್ಯವಿದ್ದರೆ ಅದನ್ನು ಹಾಕಿ ತೆಗೆಯಿರಿ. ಎಷ್ಟೋ ವಾಚುಗಳಲ್ಲಿ ಅದನ್ನು ತೆಗೆದಾಗ ಸ್ಪೀಕರ್ ಗುಂಯ್‌ಗುಟ್ಟಿ ತನ್ನೊಳಗಿನ ನೀರನ್ನು ತಾನೇ ಉಗುಳುತ್ತದೆ. 2016ರ ಆ್ಯಪಲ್ ವಾಚ್ ಸೀರೀಸ್ 2ರಲ್ಲಿ ಇದನ್ನು ಮೊದಲು ನೋಡಿದಾಗ, ಸ್ಪೀಕರಿನ ಕಿಂಡಿಯಿಂದ ಸಾಸಿವೆ ಗಾತ್ರದ ಹನಿಗಳು ಚಿಮ್ಮಿದ್ದನ್ನು ಕಂಡು ಮಗುವಿನಂತೆ ಮೂರು ಸಲ ಮಾಡಿಸಿದ್ದೆ. ಬೀಗದ ಹೆಸರು ಕೇಳಿ ಮೋಸಹೋಗಬೇಡಿ. ಅದು ನೀರಿಗೆ ಬಾಗಿಲು ಹಾಕುವುದಿಲ್ಲ, ಹನಿ ಬಿದ್ದು ಪರದೆ ತಾನಾಗಿ ಕೆಲಸ ಮಾಡದಂತೆ ಸ್ಪರ್ಶವನ್ನು ಮಾತ್ರ ನಿಲ್ಲಿಸುತ್ತದೆ. ಪಿನ್ನು, ಸೂಜಿಗಳನ್ನು ರಂಧ್ರದ ಹತ್ತಿರ ತರಲೇಬೇಡಿ, ಪೊರೆ ಹರಿದರೆ ಮುಗಿಯಿತು.

ಪ್ರಶ್ನೆ: ಚಾರ್ಜ್ ಮಾಡುವ ಜಾಗದ ಲೋಹದ ಚುಕ್ಕೆಗಳು ಹಸಿರಾಗಿವೆ.

ಉತ್ತರ: ಬೆವರಿನ ಉಪ್ಪಿರುವಾಗಲೇ ಚಾರ್ಜಿಗೆ ಇಟ್ಟಿದ್ದೀರಿ. ಒದ್ದೆ, ಉಪ್ಪು, ವಿದ್ಯುತ್ತು ಮೂರೂ ಸೇರಿದರೆ ಲೋಹ ಕಿಲುಬು ಹಿಡಿಯುತ್ತದೆ. ವಾಚು ಆಫ್ ಮಾಡಿ, ಮೆತ್ತಗಿನ ಒಣ ಬ್ರಷ್ಷಿನಿಂದ ಉಜ್ಜಿ. ಇನ್ನು ಮೇಲೆ ಒರೆಸಿ, ಆರಿದ ಮೇಲೆ ಚಾರ್ಜ್ ಮಾಡಿ. ಚುಕ್ಕೆ ಗುಳಿಬಿದ್ದಿದ್ದರೆ ಉಜ್ಜಿ ಪ್ರಯೋಜನವಿಲ್ಲ.

ಪ್ರಶ್ನೆ: ಹಳೆಯ ವಾಚು ಈಗಲೂ ನೀರು ತಡೆಯುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷಿಸುವುದು ಹೇಗೆ? ಲೋಟದ ನೀರಿನಲ್ಲಿ ಮುಳುಗಿಸಿದರೆ ಸಾಕೇ?

ಉತ್ತರ: ಬೆಂಕಿಕಡ್ಡಿ ಒದ್ದೆಯಾಗಿದೆಯೇ ಎಂದು ಗೀರಿ ನೋಡುವವರಿದ್ದಾರೆ, ನೀವು ಆ ಪೈಕಿ. ತಡೆಯದಿದ್ದರೆ ಪರೀಕ್ಷೆಯೇ ವಾಚನ್ನು ಕೊಲ್ಲುತ್ತದೆ. ಗಡಿಯಾರ ದುರಸ್ತಿ ಮಾಡುವ ಕೆಲವರ ಬಳಿ ಗಾಳಿಯ ಒತ್ತಡದಲ್ಲೇ ಸೋರಿಕೆ ಪತ್ತೆ ಮಾಡುವ ಯಂತ್ರವಿರುತ್ತದೆ, ಅವರಿಗೆ ಕೊಡಿ. ಬಿದ್ದು ಪೆಟ್ಟು ತಿಂದ ವಾಚಾದರೆ, ಅಥವಾ ಗಾಜು ಬದಲಿಸಿದ್ದಾದರೆ, ಅಲ್ಲಿಯವರೆಗೆ ಕೈ ತೊಳೆಯುವಾಗಲೂ ಬಿಚ್ಚಿಡಿ.